ಹಳೆ ಟ್ಯಾಬ್ ಕೊಡುವುದಿಲ್ಲ

ಜನವರಿ 6, ಸೋಮವಾರ. ಸಂಜೆ

ಟ್ಯಾಬ್ ಇವತ್ತು ಎಕಂಬಾ ಹಳ್ಳಿಯಲ್ಲಿ ಮತ್ತೆ ಕೈಕೊಟ್ಟಿತು. ಬಿ.ಪಿ. ಕ್ಯಾಂಪ್. ಮುದುಕಿಯರ ಸಾಲು ಕಟ್ಟೆ ದಾಟಿ ನಿಂತಿದೆ, ಹೆಸರು ಹಾಕಲು ಹೋದರೆ ಇದು ಗುಂಡಗೆ ತಿರುಗುತ್ತಾ ಕೂತುಬಿಟ್ಟಿತು. ಬಿಸ್ಮಿಲ್ಲಾಬೀ ಅಂತ ಒಬ್ಬ ಅಜ್ಜಿ ಬಗ್ಗಿ ನೋಡಿ, "ಸಿಸ್ಟರ್, ನಿಮ್ಮ ಪಾಟಿಗೂ ಬಿ.ಪಿ. ಬಂದಂಗದ ನೋಡ್ರಿ" ಅಂದಳು. ಎಲ್ಲರೂ ನಕ್ಕರು. ಕಾಗದದ ಮೇಲೆ ಬರೆದುಕೊಂಡು, ಔರಾದ ಆಸ್ಪತ್ರೆಗೆ ವಾಪಸು ಬಂದು ಎಲ್ಲ ಮತ್ತೆ ಟೈಪ್ ಮಾಡಿದೆ. ಬೀದರ ಬಸ್ಸು ತಪ್ಪಿತು.

ಮನೆಗೆ ಬಂದರೆ ಮಗಳು ಅನುಗ್ರಹಳದು ಅದೇ ರಾಗ. "ಮಮ್ಮಿ, ಆ ಡಬ್ಬಾ ಕೊಟ್ಟು ಹೊಸಾದು ತಗೋ. ಎಕ್ಸ್‌ಚೇಂಜ್ ನಡದದ." ನೋಡೋಣ ಅಂದೆ. ಎಂಟು ತಿಂಗಳಿಂದ ನೋಡೋಣ ಅನ್ನುತ್ತಿದ್ದೇನೆ.

ಯಾಕೆ ಕೊಡುವುದಿಲ್ಲ ಅಂತ ಅನುಗ್ರಹಳಿಗೆ ಹೇಳುವಂತಿಲ್ಲ. ಇಲ್ಲಿ ಬರೆಯಬಹುದು. ಈ ಟ್ಯಾಬ್ ಅವಳಪ್ಪ ಜಾನ್ಸನ ಲಾಕ್‌ಡೌನ್‌ನಲ್ಲಿ ತಂದದ್ದು. ಅವನ ಅಕೌಂಟ್ ಹಾಕಿಯೇ ಚಾಲೂ ಮಾಡಿದ. ಹೋದ ವರ್ಷ ಈಸ್ಟರ್ ಮುಗಿದ ವಾರ ಬಟ್ಟೆ ತುಂಬಿಕೊಂಡು ಭಾಲ್ಕಿಗೆ ಹೋದ. ಅವನ ಶಾಲೆಯ ಕ್ಲರ್ಕ್ ಶಿವಕಾಂತಾಳ ಮನೆಗೆ. ಈ ಮೈಲೂರ ಮನೆಗೆ ಮತ್ತೆ ಕಾಲಿಡಲಿಲ್ಲ. ಅದೂ ಹೋಗಲಿ, ನನ್ನ ನಂಬರ್ ಬ್ಲಾಕ್ ಮಾಡಿದ! ಇಪ್ಪತ್ತಾರು ವರ್ಷದ ಹೆಂಡತಿಯನ್ನು, ಲೋನ್ ಬೇಕಾ ಅಂತ ಕಾಡುವ ಕಂಪನಿಯವರನ್ನು ಮಾಡಿದ ಹಾಗೆ.

ಆದರೆ ಜಾಣಪ್ಪ ಟ್ಯಾಬ್‌ನಿಂದ ತನ್ನ ಅಕೌಂಟ್ ತೆಗೆಯುವುದು ಮರೆತ. ಭಾಲ್ಕಿಯಲ್ಲಿ ಅವನು ಫೋನಿನಲ್ಲಿ ಏನು ಹುಡುಕಿದರೂ, ಯೂಟ್ಯೂಬ್‌ನಲ್ಲಿ ಏನು ನೋಡಿದರೂ, ಇಲ್ಲಿ ನನಗೆ ಕಾಣುತ್ತದೆ. ನಾನು ಇಲ್ಲಿ ನೋಡಿದ್ದರ ಪರಿಣಾಮ ಅಲ್ಲಿ ಅವನಿಗೆ... ಕುಕ್ಕರ್ ಕೂಗುತ್ತಿದೆ.

ಜನವರಿ 7

ನಿನ್ನೆ ನಿಲ್ಲಿಸಿದ್ದು. ದಿನಾ ಮುಂಜಾನೆ ರೊಟ್ಟಿ ಬಡಿಯುತ್ತಾ ಟ್ಯಾಬ್‌ನಲ್ಲಿ ಪಾಸ್ಟರುಗಳ ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಹಚ್ಚುತ್ತೇನೆ. ವ್ಯಭಿಚಾರಿಗೆ ಬೆಂಕಿಯ ಕೆರೆ. ಹೆಂಡತಿಯನ್ನು ಅಳಿಸಿದವನ ಗತಿ. ನರಕದಲ್ಲಿ ನೀರು ಸಿಗುತ್ತದೆಯೇ. ಸೌಂಡ್ ಬಂದ್ ಮಾಡಿ ಹಚ್ಚುತ್ತೇನೆ, ನನಗೆ ಕೇಳಿ ಆಗಬೇಕಾದ್ದೇನಿದೆ? ಯೂಟ್ಯೂಬ್ ಪಾಪ, ಜಾನ್ಸನ ಸಾಹೇಬರಿಗೆ ನರಕ ಅಂದರೆ ಪಂಚಪ್ರಾಣ ಅಂತ ತಿಳಿದುಕೊಳ್ಳುತ್ತದೆ. ಅವನು ಫೋನ್ ತೆಗೆದರೆ ಸಾಕು, ಬೆಂಕಿ.

ಇವತ್ತು ಬಸ್ಸಿನಲ್ಲಿ ಅವನ ಹುಡುಕಾಟ ತೆಗೆದು ನೋಡಿದೆ. "ಯೂಟ್ಯೂಬ್‌ದಾಗ ನರಕದ ವಿಡಿಯೋ ಬರದಂಗ ಮಾಡೋದು ಹ್ಯಾಂಗ."

ನಗು ತಡೆಯಲಾಗಲಿಲ್ಲ. ಜನವಾಡ ದಾಟುವ ತನಕ ನಕ್ಕೆ. ಪಕ್ಕದವಳು, "ಯಾಕ್ರಿ ಅಕ್ಕಾ, ಏನರೆ ಸಿಹಿ ಸುದ್ದಿ ಏನ್ರಿ?" ಅಂದಳು. ಹೌದ್ರಿ ಅಂದೆ.

ನನಗೆ ಬೇಕಾದ್ದು ಒಂದೇ. ಅವನು ವಾಪಸು ಬರುವುದು ಬೇಡ, ಬಂದರೆ ಬಾಗಿಲು ತೆಗೆಯುವವರು ಯಾರು? ತಪ್ಪಾಯ್ತು ಅನ್ನಲಿ. ಬಾಯಿ ಬಿಟ್ಟು ಒಂದು ಸಲ. ಅಲ್ಲಿಯವರೆಗೆ ಈ ಟ್ಯಾಬ್ ಕೊಡುವುದಿಲ್ಲ.

ಜನವರಿ 18, ಶನಿವಾರ

ಅನುಗ್ರಹ ಎಳೆದುಕೊಂಡು ಹೋದಳು. ಸಲಾವೋದ್ದೀನನ ಮೊಬೈಲ್ ಅಂಗಡಿ. ಹೊಸ ಟ್ಯಾಬ್ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಮುಟ್ಟಿದರೆ ಸಾಕು, ತೆರೆದುಕೊಳ್ಳುತ್ತದೆ. ನನ್ನದು ಮೂಲೆಯಲ್ಲಿ ಬಿರುಕು, ಬೆನ್ನು ಉಬ್ಬಿ ಪೂರಿ ಆಗಿದೆ.

"ಬ್ಯಾಟ್ರಿ ಉಬ್ಬ್ಯಾದ್ರಿ ಮೇಡಂ, ಇಟ್ಕೋಬ್ಯಾಡ್ರಿ. ರೀಸೆಟ್ ಹೊಡದು ನನಗ ಕೊಡ್ರಿ, ಹೊಸಾದು ಒಯ್ರಿ" ಅಂದ.

"ರೀಸೆಟ್ ಅಂದರ?"

"ಎಲ್ಲಾ ಸಾಫ್‌ರಿ. ಅಕೌಂಟ್ ಗಿಕೌಂಟ್ ಏನೂ ಉಳ್ಯಂಗಿಲ್ಲ."

ವಿಚಾರ ಮಾಡಿ ಹೇಳುತ್ತೇನೆ ಅಂತ ಎದ್ದುಬಂದೆ. ಮಗಳು ಆಟೋದಲ್ಲಿ ಆ ಕಡೆ ಮುಖ ಮಾಡಿ ಕೂತಳು. ಕೂರಲಿ.

ಮನೆಗೆ ಬಂದು ನೋಡಿದರೆ ಅವನ ಹೊಸ ಹುಡುಕಾಟ. "ಹೆಂಡತಿ ಬರ್ತ್‌ಡೇ ಗಿಫ್ಟ್ ಯಾವುದು ಚಂದ." ನನ್ನ ಬರ್ತ್‌ಡೇ ಆಗಸ್ಟ್‌ನಲ್ಲಿ! ಇಪ್ಪತ್ತಾರು ಆಗಸ್ಟ್ ಕಳೆದವು, ಒಂದು ಕರವಸ್ತ್ರ ತಂದವನಲ್ಲ. ನಾಳೆಯಿಂದ ಪ್ರಸಂಗ ಮುಂಜಾನೆ ಒಂದು, ಸಂಜೆ ಒಂದು. ಬ್ಯಾಟರಿ ಸಿಡಿದು ಹೋಗಲಿ ಬೇಕಾದರೆ.

ಜನವರಿ 29

ಹುಡುಕಿದ್ದು: "ಎದಿ ಉರಿ ಗ್ಯಾಸ್ ಮನೆಮದ್ದು." ಆಕೆಯ ಕೈಯಡುಗೆ. ಉರಿಯಲಿ.

ಜನವರಿ 31

"ಮೆಟ್ಟಲ ಹತ್ತಿದರ ಎದಿ ಬಿಗಿ ಹಿಡಿತದ ಯಾಕ." ಅದರ ಕೆಳಗೆ, "ಎಡಗೈ ಜುಮ್ ಅನ್ನೋದು ಗ್ಯಾಸ್ ಏನು."

ಅಲ್ಲ. ಗ್ಯಾಸ್ ಅಲ್ಲ. ವಯಸ್ಸು ಐವತ್ತಮೂರು, ಶುಗರ್ ಇದೆ, ಅವನಪ್ಪ ಹೋದದ್ದೂ ಹಾಗೆಯೇ. ಎಲ್ಲಕ್ಕೂ ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಸತ್ತವರನ್ನು ನಾನು ವಾರ್ಡ್‌ನಲ್ಲಿ ಎಷ್ಟು ಜನರನ್ನು ನೋಡಿಲ್ಲ.

ನನಗೇನು? ಆಕೆ ಇದ್ದಾಳಲ್ಲ, ಗಿಫ್ಟ್ ತೆಗೆದುಕೊಂಡವಳು, ನೋಡಿಕೊಳ್ಳಲಿ. ಮಾಡಿದ್ದುಣ್ಣೋ ಮಹರಾಯ. ಸಾಯಲಿ ಅಂದುಕೊಂಡೆ. ಬರೆದಿದ್ದೇನೆ, ಅಳಿಸುವುದಿಲ್ಲ. ಅಂದುಕೊಂಡಾಗ ಹಗುರಾಯಿತು, ಅದೂ ಖರೆ.

ಫೆಬ್ರವರಿ 1. ಮುಂಜಾನೆ

"ದವಡಿ ನೋವು ಮೈ ಬೆವರು." ಈಗಷ್ಟೇ ಹುಡುಕಿದ್ದಾನೆ.

ಈ ಮೂರ್ಖ ಸತ್ತರೆ ತಪ್ಪಾಯ್ತು ಅನ್ನುವವರು ಯಾರು? ಚರ್ಚಿನಲ್ಲಿ ಪೆಟ್ಟಿಗೆ ಪಕ್ಕ ಬಿಳಿ ಸೀರೆ ಉಟ್ಟು ನಾನು ಕೂರಬೇಕು. ಎಲ್ಲರೂ ಬಂದು ನನ್ನ ಕೈ ಹಿಡಿದು, ಭಾಳ ಒಳ್ಳೆ ಮನುಷ್ಯಾ ಇದ್ರು ಅನ್ನಬೇಕು. ಆ ಪುಕ್ಕಟೆ ಮರ್ಯಾದೆ ಅವನಿಗೆ ಸಿಗಗೊಡುವುದಿಲ್ಲ. ಹಂಗೆ ಪಾರಾಗಲು ಬಿಡುವುದಿಲ್ಲ.

ಫೋನ್ ಮಾಡೋಣ ಅಂದರೆ ಬ್ಲಾಕ್, ಬೇರೆ ಫೋನ್ ಕೇಳೋಣ ಅಂದರೆ ಪಕ್ಕದ ಮನೆಗೆ ಬೀಗ. ಮಗಳು ಹಾಸ್ಟೆಲ್ ಗೆಳತಿಯ ಹತ್ತಿರ ಹೋಗಿದ್ದಾಳೆ, ಅವಳೂ ಅಪ್ಪನ ನಂಬರ್ ಎಂದೋ ಕಿತ್ತುಹಾಕಿದ್ದಾಳೆ. ಟ್ಯಾಬ್‌ನಲ್ಲಿ ಕ್ಯಾಲೆಂಡರ್ ಇದೆ, ಇಲ್ಲಿ ಬರೆದರೆ ಅವನ ಫೋನಿನಲ್ಲಿ ಗಂಟೆ ಹೊಡೆಯುತ್ತದೆ. ಬರೆದೆ: "ಅದು ಗ್ಯಾಸ್ ಅಲ್ಲ. ಹಾರ್ಟ್. ಈಗಲೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸು. — ಕ್ಯಾಥರಿನ." ಐದು ನಿಮಿಷಕ್ಕೊಂದರಂತೆ ಹೊಡೆಯುವ ಹಾಗೆ ಇಟ್ಟೆ.

ಒಂಬತ್ತು ತಿಂಗಳ ಗುಟ್ಟು ಹೋಯಿತು. ಇನ್ನು ಪಾಸ್‌ವರ್ಡ್ ಬದಲಿಸುತ್ತಾನೆ. ಬದಲಿಸಲಿ, ಬದುಕಿದ್ದಾನೆ ಅಂತಾದರೂ ಗೊತ್ತಾಗುತ್ತದೆ.

ಫೆಬ್ರವರಿ 8

ಏನೂ ಇಲ್ಲ. ಹುಡುಕಾಟವಿಲ್ಲ, ವಿಡಿಯೋ ಇಲ್ಲ. ಪಾಸ್‌ವರ್ಡೂ ಬದಲಾಗಿಲ್ಲ. ವಾರದಿಂದ ಪ್ರಸಂಗ ಹಚ್ಚಿಲ್ಲ. ವಾರ್ಡ್‌ನಲ್ಲಿ ಒಂದು ಇಂಜೆಕ್ಷನ್ ಬೇರೆ ಟ್ರೇನಲ್ಲಿ ಇಟ್ಟುಬಿಟ್ಟಿದ್ದೆ, ಪುಣ್ಯಕ್ಕೆ ಕಣ್ಣಿಗೆ ಬಿತ್ತು.

ಸತ್ತಿದ್ದರೆ ಚರ್ಚಿಗೆ ಫೋನ್ ಬರುತ್ತಿತ್ತು. ಬಂದಿಲ್ಲ.

ಫೆಬ್ರವರಿ 11

ಬದುಕಿದ್ದಾನೆ ಭಾಡ್ಕೋವ್! ಬಸ್ಸಿನಲ್ಲಿದ್ದಾಗ ಟ್ಯಾಬ್ ಗಂಟೆ ಹೊಡೆಯಿತು. ಕ್ಯಾಲೆಂಡರ್‌ನಲ್ಲಿ ಉತ್ತರ: "ಹೈದರಾಬಾದ್‌ದಾಗ ಸ್ಟೆಂಟ್ ಹಾಕ್ಯಾರ್ರಿ. ನಿನ್ನಿ ಭಾಲ್ಕಿಗಿ ಬಂದಿವಿ. ಉಪ್ಪು ಎಷ್ಟು ಹಾಕಬೇಕ್ರಿ?"

ನನಗೆ ರೀ ಅನ್ನುತ್ತಾನೆ! ಸಾವಿನ ಬಾಗಿಲು ನೋಡಿ ಬಂದ ಮೇಲೆ ಮರ್ಯಾದೆ ಕಲಿತ. ಆದರೆ ತಪ್ಪಾಯ್ತು? ಇಲ್ಲ. ಉಪಕಾರ ಆಯ್ತು? ಅದೂ ಇಲ್ಲ. ಉಪ್ಪಂತೆ ಉಪ್ಪು.

"ಚಿಟಿಕೆ. ಉಪ್ಪಿನಕಾಯಿ, ಹಪ್ಪಳ ಬಂದ್" ಅಂತ ಹಾಕಿದೆ. ಹಪ್ಪಳ ಅವನ ಜೀವ. ಬಂದ್ ಅಂತ ಬರೆಯುವಾಗ ಬಹಳ ಸಂತೋಷವಾಯಿತು.

ಫೆಬ್ರವರಿ 20

ದಿನಾ ಪ್ರಶ್ನೆ. ಪಾದ ಬಾತಾವ್ರಿ. ಬಾಳೆಹಣ್ಣು ಕೊಡಬಹುದೇನ್ರಿ. ಎಷ್ಟು ಹೆಜ್ಜಿ ನಡೀಬೇಕ್ರಿ. ಇವತ್ತೊಂದೇ ದಿನ ಮೂರು ಸಲ ಗಂಟೆ. ಔರಾದ ಆಸ್ಪತ್ರೆಯಲ್ಲಿ ಪೇಷಂಟ್‌ಗೆ ಸೂಜಿ ಹಾಕುತ್ತಾ ಕಿವಿ ಬ್ಯಾಗಿನ ಕಡೆ ಇಟ್ಟಿದ್ದೆ.

ಆಗ ಹೊಳೆಯಿತು. ಹೆಂಡತಿ ಆಕೆ, ಪುಕ್ಕಟೆ ನರ್ಸ್ ನಾನು! ಸೇಡು ತೀರಿಸಲು ಹೋಗಿ ಮತ್ತೆ ಅವನ ಚಾಕರಿಗೇ ನಿಂತಿದ್ದೇನೆ. ಥೂ ನನ್ನ ಜನ್ಮಕ್ಕಿಷ್ಟು.

ವಿಡಿಯೋಗಳೂ ಬದಲಾಗಿವೆ. ನಾನು ಏನೂ ಹಚ್ಚಿಲ್ಲ, ಆದರೂ ನರಕ ಹೋಗಿ ಈಗ ಸ್ವಸ್ಥತೆಯ ಪಾಸ್ಟರುಗಳು ಬಂದಿದ್ದಾರೆ. ಎಣ್ಣೆ ಹಚ್ಚಿ, ಪ್ರಾರ್ಥಿಸಿ ಕುಂಟರನ್ನೂ ಎದ್ದು ಓಡುವ ಹಾಗೆ ಮಾಡುವವರು. ಇವನೇ ಕೂತು ಎರಡೆರಡು ತಾಸು ನೋಡುತ್ತಿದ್ದಾನೆ. ನೋಡಲಿ. ನನ್ನ ಬೀಜ, ಅವನ ಹೊಲ.

ತೀರ್ಮಾನ ಆಯಿತು. ಶನಿವಾರ ಹೊಸ ಟ್ಯಾಬ್. ಇದನ್ನು ರೀಸೆಟ್ ಮಾಡಿ ಕೊಟ್ಟುಬಿಡುವುದು. ಅವನು ಕೇಳುತ್ತಾ ಇರಲಿ, ಉತ್ತರ ಬರುವುದಿಲ್ಲ. ಕಾಯುವುದು ಹೇಗಿರುತ್ತದೆ ಅಂತ ತಿಳಿಯಲಿ. ಅನುಗ್ರಹಳಿಗೆ ಹೇಳಿದೆ. "ಖರೇನಾ ಮಮ್ಮಿ?" ಅಂತ ಕುತ್ತಿಗೆಗೆ ಜೋತುಬಿದ್ದಳು.

ಫೆಬ್ರವರಿ 22, ಶನಿವಾರ. ಮಧ್ಯಾಹ್ನ

ಆದದ್ದು ಆದ ಹಾಗೆ ಬರೆಯುತ್ತೇನೆ.

ಸಲಾವೋದ್ದೀನ ಹೊಸದರ ಡಬ್ಬಿ ಒಡೆದಿದ್ದ. ಹಳೆಯದು ಅವನ ಕೈಯಲ್ಲಿ. "ರೀಸೆಟ್ ಹೊಡೀಲೇನ್ರಿ ಮೇಡಂ?" ಅಂದ. ಹೊಡೀರಿ ಅಂದೆ. ಅಷ್ಟರಲ್ಲಿ ಗಂಟೆ.

"ಏನೋ ಬಂತ್ರಿ ನಿಮಗ" ಅಂತ ನನ್ನ ಕಡೆ ತಿರುಗಿಸಿ ಹಿಡಿದ. ನೋಡುವುದಿಲ್ಲ ಅಂದುಕೊಂಡೇ ನೋಡಿದೆ. ಉದ್ದ ಬರೆದಿತ್ತು.

"ಅಕ್ಕಾ, ಇಷ್ಟು ದಿನ ಕೇಳಿದಾಕಿ ನಾನ್ರಿ, ಶಿವಕಾಂತಾ. ಹೆಸರು ಹೇಳ್ಲಾಕ ಮುಖ ಇರಲಿಲ್ಲ. ಅವತ್ತ ನಿಮ್ಮ ಗಂಟಿ ಕೇಳಿ ನಾನೇ ಗಾಡಿ ಮಾಡಿ ಒಯ್ದಿನ್ರಿ. ಈಗ ಅವರು ಗುಳಿಗಿ ಬಿಟ್ಟಾರ. ನಾಕು ದಿನ ಆಯ್ತು. ಮೊಬೈಲ್‌ದಾಗಿನ ಪಾಸ್ಟರ್ ಹೇಳ್ಯಾರಂತ, ವಿಶ್ವಾಸ ಇದ್ದರ ಸಾಕಂತ. ನಾ ಹೇಳಿದರ, ಲಿಂಗ ಕಟ್ಟಿದಾಕಿ ನಿನಗೇನ ತಿಳೀತದ ಅಂತಾರ. ನೀವರೆ ಹೇಳ್ರಿ. ನನ್ನಿಂದ ನಿಮಗ ಭಾಳ ತಪ್ಪಾಗ್ಯಾದ್ರಿ ಅಕ್ಕಾ."

ಎರಡು ಸಲ ಓದಿದೆ. ತಪ್ಪಾಗ್ಯಾದ. ಬಂತು ನೋಡು, ಯಾವ ಬಾಯಿಂದ ಬೇಕಿತ್ತೋ ಆ ಬಾಯಿಂದಲ್ಲ.

ಸ್ಟೆಂಟ್ ಹಾಕಿ ತಿಂಗಳಾಗಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಇಡುವ ಗುಳಿಗೆ ಅದು. ನಾಲ್ಕು ದಿನ! ಆ ಪಾಸ್ಟರುಗಳನ್ನು ಅವನ ಫೋನಿಗೆ ಹೊಗಿಸಿದವರು ಯಾರು? ರೊಟ್ಟಿ ಬಡಿಯುತ್ತಾ, ಸೌಂಡ್ ಬಂದ್ ಮಾಡಿ, ನಗುತ್ತಾ?

"ಕೊಡ್ರಿ ಇಲ್ಲಿ" ಅಂತ ಕಸಿದುಕೊಂಡೆ.

"ಏ ಮೇಡಂ, ಈ ಡಬ್ಬಾ ಯಾಕ ಬೇಕ್ರಿ ನಿಮಗ?"

"ಇದರಾಗ ಒಬ್ಬ ಪೇಷಂಟ್ ಅದಾನ."

ಅವನು ಅನುಗ್ರಹಳ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು. ಅಲ್ಲೇ ಸ್ಟೂಲ್ ಮೇಲೆ ಕೂತು ಟೈಪ್ ಮಾಡಿದೆ. ಹಾಳಾದ್ದು ಅಕ್ಷರಕ್ಕೊಂದು ಸಲ ನಿಂತು ನಿಂತು ಹೋಯಿತು.

"ಶಿವಕಾಂತಾ, ಇದನ್ನ ಅವಗ ಗಟ್ಟ್ಯಾಗಿ ಓದಿ ಹೇಳು. ಜಾನ್ಸನ, ನಿನ್ನ ಫೋನಿಗಿ ಆ ಪಾಸ್ಟರಗೋಳನ್ನ ಕಳಿಸಿದಾವ ದೇವರಲ್ಲ. ನಾನು. ಸೇಡಿಗಿ. ಮೈಲೂರದಾಗ ಒಲಿ ಮುಂದ ಕೂತು. ಗುಳಿಗಿ ಈಗ ನುಂಗು, ಆಮ್ಯಾಗ ಡಾಕ್ಟರಗ ಫೋನ್ ಮಾಡಿ ನಾಕು ದಿನ ಬಿಟ್ಟಿದ್ದು ಹೇಳು. ಸತ್ತು ಪಾರಾಗಬ್ಯಾಡ. ನೀ ನನಗ ಹೇಳಬೇಕಾದ ಮಾತು ಇನ್ನೂ ಬಾಕಿ ಅದ."

ಕಳಿಸಿ ಎದ್ದೆ. ಹೊಸದನ್ನು ಎಕ್ಸ್‌ಚೇಂಜ್ ಇಲ್ಲದೆ ತೆಗೆದುಕೊಂಡೆ, ಎರಡನ್ನೂ ಎದೆಗವುಚಿಕೊಂಡು ಬಂದೆ. ದಾರಿಯಲ್ಲಿ ಮಗಳಿಗೆ ಎಲ್ಲ ಹೇಳಿದೆ. "ಒಂಬತ್ತು ತಿಂಗಳು ನರಕ ತೋರಿಸಿದಿ?" ಅಂದಳು. ಹೂಂ ಅಂದೆ. ನಗುತ್ತಾಳೆ ಅಂದುಕೊಂಡಿದ್ದೆ, ಅತ್ತಳು. ಮನೆ ಮುಟ್ಟುವ ತನಕ ನನ್ನ ಕೈ ಬಿಡಲಿಲ್ಲ.

ಅದೇ ದಿನ. ಸಂಜೆ

ಹೊಸ ಟ್ಯಾಬ್ ಚಾರ್ಜಿಗೆ ಹಾಕಿದೆ, ನನ್ನ ಅಕೌಂಟ್‌ನಲ್ಲಿ. ಸೋಮವಾರದಿಂದ ಕ್ಯಾಂಪಿಗೆ ಅದು. ಹಳೆಯದು ಕಿಟಕಿ ಕಲ್ಲಿನ ಮೇಲೆ. ಅದರಲ್ಲಿ ಹೃದಯದ ಡಾಕ್ಟರರ ಮಾತು ಹಚ್ಚಿಟ್ಟಿದ್ದೇನೆ, ಒಂದಾದ ಮೇಲೊಂದು. ಸ್ಟೆಂಟ್ ಹಾಕಿಸಿಕೊಂಡವರು ಮಾಡಬಾರದ ತಪ್ಪುಗಳು. ಗುಳಿಗೆ ಬಿಟ್ಟರೆ ಏನಾಗುತ್ತದೆ. ನೋಡಲಿ ಈಗ. ಇದೂ ನರಕಕ್ಕಿಂತ ಕಡಿಮೆ ಇಲ್ಲ.

ಅವನಿಂದ ಒಂದಕ್ಷರವಿಲ್ಲ.

ಗಂಟೆ ಹೊಡೆಯಿತು. ನೋಡಿ ಬಂದೆ. ಅವನಲ್ಲ, ಆಕೆ.

"ನುಂಗಿದ್ರು ಅಕ್ಕಾ. ನಿಮ್ಮದು ಓದಿ ಹೇಳಿದೆ, ಗ್ವಾಡಿ ಕಡಿ ತಿರುಗಿ ನುಂಗಿದ್ರು. ಡಾಕ್ಟರಗೂ ಹೇಳಿವ್ರಿ, ನಾಳಿ ಬರ್ರಿ ಅಂದಾರ. ನಿಮ್ಮದು ಊಟ ಆಯ್ತೇನ್ರಿ?"

ಎಷ್ಟು ಸೊಕ್ಕು! ನನ್ನ ಊಟದ ಉಸಾಬರಿ ಈಕೆಗೆ ಯಾಕೆ? ಇಪ್ಪತ್ತಾರು ವರ್ಷ ಅವನು ಕೇಳಲಿಲ್ಲ ಆ ಮಾತು, ಈಕೆ ಕೇಳುತ್ತಾಳೆ. ಉತ್ತರ ಕೊಡುವುದಿಲ್ಲ. ಕಾಯಲಿ.

ಒಲೆ ಹೊತ್ತಿಸಿಲ್ಲ ಇನ್ನೂ. ಮುಂಜಾನೆ ತಿಂದದ್ದೇ. ಆಗಿಲ್ಲ ಅಂತ ಬರೆದರೆ ಆಕೆ ಮತ್ತೆ ಯಾಕ್ರಿ ಅಂತ ಕೇಳುತ್ತಾಳೆ. ಆಯ್ತು ಅಂತ ಬರೆದರೆ ಸುಳ್ಳು. ಬೇಡ, ಒಂದೇ ಮಾತು ಹಾಕಿ ಬಂದ್ ಮಾಡುತ್ತೇನೆ: "ಶಿವಕಾಂತಾ, ನಿಂದು ಊಟ ಆಯ್ತಾ?"