ಒಂಬತ್ತನೆಯ ಪ್ಯಾರಾ

ಮಾರ್ಚ್ 2, ಸಂಜೆ 7
ಪ್ರೆಸ್ಸಿನಿಂದ ಬಂದೆ. ಕಾಫಿ. ಎಂದಿನಂತೆ ಕಂಪ್ಯೂಟರ್, ದ್ವೀಪ. ಇನ್ನೂ ಅರ್ಧ ಮಾತ್ರ ತಯಾರಾದ ಆಟ — ಜಿಂಕೆಗಳು ಆಕಾಶದಲ್ಲಿ ನಡೆಯುತ್ತವೆ, ಕಾಲಡಿಯ ನೆಲ ಒಮ್ಮೊಮ್ಮೆ ಇರುವುದಿಲ್ಲ. ದೂರಿಲ್ಲ. ಮೊದಲ ಪುಟದಲ್ಲೇ ಹೇಳಿದ್ದಾರೆ: ಕೆಡುತ್ತದೆ, ನಿಲ್ಲುತ್ತದೆ, ಕಟ್ಟಿದ್ದು ಉಳಿಯುತ್ತದೆಂದು ನಂಬಬೇಡಿ. ಪೂರ್ತಿ ಓದಿ ಒಳಗೆ ಹೋದವನು ನಾನು. ಭಾವ ಓದಲಿಲ್ಲ. ಓಕೆ ಒತ್ತಿದ. ಅವನು ಅವನ ಮನೆಯಿಂದ, ನಾನು ನನ್ನ ಮನೆಯಿಂದ, ಒಂದೇ ದ್ವೀಪ.

ಇವತ್ತು ಹೋದರೆ ನನ್ನ ಗುಡಿಸಲಿಲ್ಲ. ಬೂದಿ. ಮೂರು ವಾರ ಕಡಿದ ಮರ, ಒಣಗಿಸಿದ ಮೀನು, ಚಳಿಗೆಂದು ಇಟ್ಟ ತೊಗಲು... ಎಲ್ಲ ಗುಡ್ಡದ ಮೇಲಿನ ಭಾವನ ಕೋಟೆಯಲ್ಲಿ.

ಫೋನ್ ಮಾಡಿದೆ.

"ಅಯ್ಯೋ ಪಂಡಿತ, ಆಟ ಕಣಯ್ಯ! ಬಾಗಿಲಿಗೆ ಒಂದು ಅಗುಳಿ ಹಾಕ್ಕೊಳ್ಳೋಕೆ ಬರಲ್ವಾ ನಿಂಗೆ?"

"ಸರಿ ಬಿಡಿ ಭಾವ," ಎಂದೆ. ಎದುರಿಗೆ 'ನೀವು'. ಈ ಡೈರಿಯಲ್ಲಿ 'ಅವನು'. ಇಲ್ಲಿ ಅಷ್ಟೇ ಮರ್ಯಾದೆ.

ಮಾರ್ಚ್ 3
ಕಣ್ಣು ಪ್ರೂಫಿನ ಮೇಲೆ, ಮನಸ್ಸು ಗುಡ್ಡದ ಮೇಲೆ. ಹನ್ನೊಂದು ವರ್ಷದ ಹಿಂದೆ, ನನ್ನ ಇಂಟರ್‌ವ್ಯೂ ದಿನ, ನನ್ನ ಶೂ ಹಾಕಿಕೊಂಡು ವಾಕಿಂಗ್ ಹೋದವನು ಇವನೇ. ಬಚ್ಚಲ ಚಪ್ಪಲಿಯಲ್ಲಿ ಹೋಗಿ, ಆ ಕೆಲಸ ಸಿಗದೆ, ಪ್ರೂಫ್‌ರೀಡರ್ ಆದೆ. ಆಗಲೂ ನಕ್ಕಿದ್ದ. ಅಕ್ಕನ ಮುಖ ನೋಡಿ ಶೂ ಒರೆಸಿ ಎತ್ತಿಟ್ಟೆ. ಮರೆತಿದ್ದೇನೆ ಅಂದುಕೊಂಡಿದ್ದಾನೆ.

ಮಾರ್ಚ್ 9, ಭಾನುವಾರ
ಅಕ್ಕನನ್ನು ನೋಡಲು ಹೋಗಿದ್ದೆ. ತೊಡೆಯವರೆಗೆ ಪ್ಲಾಸ್ಟರ್. ಇನ್ನೂ ಆರು ವಾರ ಕಾಲು ಊರುವಂತಿಲ್ಲ. ಭಾವ ಸ್ಕ್ರೀನ್ ಮುಂದೆ ಕರೆದ. ಆಟದವರ ಹೊಸ ನೋಟಿಸು, ಹದಿನಾಲ್ಕು ಪ್ಯಾರಾ.

"ಮೈಲುದ್ದ ಬರ್ದಿದಾರೆ. ಓದೋದೇ ನಿನ್ನ ಕಸುಬು, ಓದಿ ಹೇಳು."

ಓದಿದೆ. ದೋಣಿ ಬರುತ್ತದೆ. ತೋಳ ಚುರುಕಾಗುತ್ತದೆ. ಜಿಂಕೆ ನೆಲಕ್ಕಿಳಿಯುತ್ತದೆ. ಒಂಬತ್ತನೆಯ ಪ್ಯಾರಾ: ಇಪ್ಪತ್ತರ ಸಂಜೆ ಆರಕ್ಕೆ ದ್ವೀಪಗಳೆಲ್ಲ ಅಳಿಸಿಹೋಗುತ್ತವೆ, ಬೇಕಾದವರು ಮೊದಲೇ ಕಾಪಿ ತೆಗೆದಿಡಿ, ಹತ್ತು ನಿಮಿಷದ ಕೆಲಸ.

ಅದನ್ನು ಬಿಟ್ಟು ಎಂಟನೆಯದರಿಂದ ನೇರ ಹತ್ತನೆಯದಕ್ಕೆ ಹೋದೆ. ದನಿ ಅಲುಗಲಿಲ್ಲ. ಪ್ರೆಸ್ಸಿನಲ್ಲಿ ಇದುವರೆಗೆ ಒಂದು ಅಲ್ಪವಿರಾಮ ಬಿಟ್ಟವನಲ್ಲ.

"ಅಷ್ಟೇನಾ?"

"ಅಷ್ಟೇ ಭಾವ. ಕಟ್ಟಿ. ಇನ್ನೂ ಎತ್ತರಕ್ಕೆ ಕಟ್ಟಿ."

ಮಾರ್ಚ್ 10
ತುಂಬ ದಿನಕ್ಕೆ ಊಟ ರುಚಿಸಿತು. ಅಳಿಸಿಹೋಗಲು ನನ್ನದೇನೂ ಉಳಿದಿಲ್ಲ.

ಮಾರ್ಚ್ 19
ಅಕ್ಕನ ಫೋನು. ದನಿಯಲ್ಲಿ ಏನೋ ಹುರುಪು.

"ಕೋಟೆ ಈಗ ನಂದು ಕಣೋ. ನಿಮ್ಮ ಭಾವ ಕೆಲ್ಸಕ್ಕೆ ಹೋದ್ಮೇಲೆ ನಾನೇ ರಾಣಿ. ಮಲಗಿದಲ್ಲಿಂದ್ಲೇ ದಿನಾ ಸಮುದ್ರದ ಕಡೆ ನಡೀತೀನಿ. ದಾರಿ ಮಾಡ್ತಿದೀನಿ, ಎರಡೂ ಕಡೆ ಗಿಡ. ಇನ್ನೂರ ಹನ್ನೆರಡು ಆಯ್ತು."

"ಓಹೋ."

"ಅರ್ಧಂಬರ್ಧ ಆಟ, ಇದೆಲ್ಲ ಉಳಿಯುತ್ತೇನ್ರಿ ಅಂತ ಕೇಳ್ದೆ. 'ನಿನ್ನ ತಮ್ಮ ಓದಿದಾನೆ, ಇನ್ನೇನು ಭಯ' ಅಂದ್ರು."

ಗಿಡಕ್ಕೆ ಹೂ ಬಿಡುತ್ತಾ ಎಂದು ಕೇಳಿದೆ. ಅಷ್ಟೇ ಕೇಳಿದೆ. ಹೇಳಿದರೆ ದಾರಿಯ ಜೊತೆ ಅವನ ಕೋಟೆಯೂ ಉಳಿಯುತ್ತದೆ.

ಮಾರ್ಚ್ 20, ಸಂಜೆ 5.20
ಅರ್ಧ ದಿನ ರಜೆ ಹಾಕಿ ಬಂದು ಕೂತಿದ್ದೇನೆ. ಅಕ್ಕನಿಗೇ ಹೇಳಬಹುದು. ಆದರೆ ಏನೆಂದು? ಮರೆತೆ ಎಂದರೆ ನಂಬುವುದಿಲ್ಲ. ನಾನು ಏನನ್ನೂ ಮರೆಯುವವನಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

5.38
ಭಾವನಿಗೇ ಫೋನ್ ಮಾಡಿದೆ. ಹೇಳಿಬಿಡೋಣ ಎಂದೇ ಮಾಡಿದೆ.

"ಏನಪ್ಪಾ ಪಂಡಿತ, ಮತ್ತೆ ಗುಡಿಸಲು ಕಟ್ಟಿದ್ಯಾ? ಬೆಂಕಿಪೊಟ್ಟಣ ತರ್ಲಾ?"

ಫೋನ್ ಇಟ್ಟುಬಿಟ್ಟೆ.

5.47
ಅಕ್ಕ ಫೋಟೋ ಕಳಿಸಿದ್ದಾಳೆ. ಗಿಡಗಳ ಸಾಲು, ಅದರ ತುದಿಗೆ ನೀರು. ಕೆಳಗೆ: "ದಡ ಮುಟ್ಟಿದೆ ಕಣೋ."

ಕಾಪಿ ತೆಗೆಯಲು ಹತ್ತು ನಿಮಿಷ ಬೇಕು. ಇನ್ನು ಮೂರು ನಿಮಿಷದೊಳಗೆ ಹೇಳಿದರೆ ಉಳಿಯುತ್ತದೆ. ಹೇಳುತ್ತೇನೆ. ಹೇಳುವುದಿಲ್ಲ ಎಂದಲ್ಲ. ಮೊದಲು ಅವನು ಒಂದು ಸಲ, ಒಂದೇ ಒಂದು ಸಲ, ನಗದೆ, ತಪ್ಪಾಯಿತು ಎಂದು—