ಮಸೂತಿ ಮುಂದಿನ ಸನಾದಿ, ಗುಡಿ ಮುಂದಿನ ರಿವಾಯತ

ಮಾನ್ಯ ತಾಲೂಕಾ ದಂಡಾಧಿಕಾರಿಗಳೇ,

ದೇಶದ ಸಮಸ್ತ ಪ್ರಜೆಗಳಿಗೂ ವಿಶೇಷವಾಗಿ ತಮಗೂ ಗಂಭೀರವಾಗಿ ಪ್ರಕಟಿಸುವುದೇನೆಂದರೆ, ನಾನು ಬಚ್ಚಲಮನೆಯಲ್ಲಿ ಹಾಡುವುದನ್ನು ನಿಲ್ಲಿಸಿದ್ದೇನೆ. ನನ್ನ ಹೆಂಡತಿ ಸುಶೀಲವ್ವನಿಗೂ ಹಿತ್ತಲಿನ ಎಮ್ಮೆಗೂ ಇದರಿಂದ ಆಗಿರುವ ಸಂತೋಷ ಅಷ್ಟಿಷ್ಟಲ್ಲ. ಇದರ ಪುಣ್ಯವೆಲ್ಲ ತಮಗೇ ಸಲ್ಲಬೇಕು. ಈ ವರ್ಷ ಮೊಹರಮ್ಮೂ ಶ್ರಾವಣವೂ ಜೊತೆಯಾಗಿ ಬಂದವೆಂದು ಗಾಬರಿಯಾಗಿ ತಾವು ನಮ್ಮೂರ ಚಾವಡಿಗೆ ಒಂದು ಆಜ್ಞೆ ಹಚ್ಚಿಸಿದಿರಿ. ಆಯಾ ಧರ್ಮದ ಮೆರವಣಿಗೆಯಲ್ಲಿ ಆಯಾ ಧರ್ಮದವರೇ ಹಾಡತಕ್ಕದ್ದು, ನುಡಿಸತಕ್ಕದ್ದು. ಇನ್ನೊಬ್ಬರ ಪೂಜಾಸ್ಥಳದ ಮುಂದೆ ಎಲ್ಲವನ್ನೂ ನಿಲ್ಲಿಸತಕ್ಕದ್ದು. ವಾದ್ಯ ನಿಲ್ಲಿಸುವ ಈ ಆಜ್ಞೆಯನ್ನು ಡಂಗುರ ಬಾರಿಸಿಯೇ ಸಾರಿಸಿದಿರಿ, ಅದು ಬೇರೆ ಮಾತು. ನನ್ನ ತೊಂದರೆ ಏನೆಂದರೆ, ಮೈಮೇಲೆ ನೀರು ಹೊಯ್ದುಕೊಳ್ಳುವಾಗ ನಾನು ಹಾಡುವ ಹಿಂದೂಸ್ತಾನಿ ಚೀಜು ಕೃಷ್ಣನ ಮೇಲಿನದು. ಅದನ್ನು ನನಗೆ ಕಲಿಸಿದ ಮಾಸ್ತರರ ಗುರುಗಳು ಒಬ್ಬ ಖಾನಸಾಹೇಬರು. ಈಗ ನನ್ನ ಬಚ್ಚಲು ಯಾವ ಧರ್ಮದ್ದೆಂದು ತೀರ್ಮಾನವಾಗದೆ ಬಾಯಿ ಮುಚ್ಚಿಕೊಂಡಿದ್ದೇನೆ.

ತಮ್ಮ ಆಜ್ಞೆ ತುಸು ತಡವಾಗಿ ಬಂತು, ಸಾಹೇಬರೇ. ಒಂದು ನಾಲ್ಕುನೂರು ವರ್ಷ ಮೊದಲೇ ಬಂದಿದ್ದರೆ ಎಷ್ಟು ಅನುಕೂಲವಿತ್ತು! ಬಿಜಾಪುರದ ಬಾದಶಹಾ ಸರಸ್ವತಿಯನ್ನೂ ಗಣಪತಿಯನ್ನೂ ಹೊಗಳಿ ಪದ ಕಟ್ಟುವಾಗ ಒಬ್ಬ ಪೋಲೀಸಪ್ಪ ಹೋಗಿ ಕೈ ಹಿಡಿಯಬಹುದಿತ್ತು. ದಿಲ್ಲಿಯಲ್ಲಿ ಒಬ್ಬ ಬಾದಶಹಾ ಹಾಡು ಬೇಡವೆಂದಾಗ, ಇನ್ನೊಬ್ಬನ ತಖ್ತು ಉರುಳಿದಾಗ, ಗವಾಯಿಗಳು ತಂಬೂರಿ ಹೊತ್ತು ಅನ್ನ ಹಾಕುವ ರಾಜನ ಊರು ಹುಡುಕುತ್ತ ಹೊರಟರು. ಆ ರಾಜ ಯಾವ ದೇವರಿಗೆ ಕೈಮುಗಿಯುತ್ತಾನೆಂದು ಕೇಳುವಷ್ಟು ಪುರುಸೊತ್ತು ಹಸಿದವರಿಗೆ ಎಲ್ಲಿಂದ ಬರಬೇಕು? ಮೈಸೂರಿನ ಅರಮನೆಗೆ ಹೋಗಿಬರುವ ಉಸ್ತಾದರು ನಡುದಾರಿಯಲ್ಲಿ ಹುಬ್ಬಳ್ಳಿ, ಧಾರವಾಡದಲ್ಲಿ ಇಳಿದರು. ನಮ್ಮ ಎರೆಹೊಲದ ಬದುವಿನ ಮೇಲೂ ಖಯಾಲು ಗಾಯನ ಮೊಳೆಯಿತು. ಅವರನ್ನೆಲ್ಲ ಸ್ಟೇಷನ್ನಿನಲ್ಲೇ ತಡೆದು, ರಾಗದ ಧರ್ಮ ವಿಚಾರಿಸಿ, ಬಂದ ಗಾಡಿಗೇ ಹತ್ತಿಸಿ ಕಳಿಸಲು ಆಗ ತಮ್ಮಂಥ ದಕ್ಷರು ಯಾಕೆ ಇರಲಿಲ್ಲ?

ದೇಶದ ಮಾತು ದೊಡ್ಡದಾಯಿತು. ಗುಡಗೇರಿಯ ಬಾಜೂಕೆ ಇರುವ ನಮ್ಮ ಊರಿನ ಮಾತಿಗೆ ಬರುತ್ತೇನೆ. ಇಲ್ಲಿ ಒಂದು ತಿರುವಿದೆ. ಅದರ ಒಂದು ಬದಿಗೆ ವೀರಭದ್ರನ ಗುಡಿ, ಎದುರಿಗೆ ಮಸೂತಿ, ಮೂಲೆಗೆ ನನ್ನ ಮನೆ. ನನ್ನ ಅಜ್ಜನ ಅಜ್ಜನ ಕಾಲಕ್ಕೆ, ನಾವು ಸಂಸ್ಥಾನದ ಪ್ರಜೆಗಳಾಗಿದ್ದಾಗ, ಇದೇ ತಿರುವಿನಲ್ಲಿ ಮೆರವಣಿಗೆಯ ಜಗಳ ಹತ್ತಿ ತಲೆಗಳು ಒಡೆದವಂತೆ. ಸಂಸ್ಥಾನದ ಧಣಿಗಳು ಕುದುರೆ ಏರಿ ಬಂದು ನ್ಯಾಯ ಹೇಳಿದರು. ಶ್ರಾವಣದ ಪಲ್ಲಕ್ಕಿ ಮಸೂತಿಯ ಮುಂದೆ ಬಂದಾಗ ಮಸೂತಿಯ ಮನೆತನದವನೇ ಅದರ ಮುಂದೆ ನಿಂತು ಸನಾದಿ ಊದಬೇಕು. ಮೊಹರಮ್ಮಿನ ಡೋಲಿ ಗುಡಿಯ ಮುಂದೆ ಬಂದಾಗ ಗುಡಿಯ ಮನೆತನದವನೇ ಅದರ ಮುಂದೆ ನಿಂತು ಕರ್ಬಲದ ಕಥೆಯ ರಿವಾಯತ ಪದ ಹಾಡಬೇಕು. ಧಣಿಗಳು ಸಂತರೇನಲ್ಲ, ಲೆಕ್ಕಾಚಾರದ ಮನುಷ್ಯರು. ಯಾರೇ ಕಲ್ಲು ಒಗೆದರೂ ಅದು ಮೊದಲು ಒಗೆದವರ ಕಡೆಯವನ ತಲೆಗೇ ತಾಗಲಿ ಎಂಬುದು ಅವರ ಹಂಚಿಕೆ. ಹೀಗಾಗಿ ನಮ್ಮೂರ ಸಂಗೀತ ಹುಟ್ಟಿದ್ದು ಪ್ರೀತಿಯಿಂದಲ್ಲ, ಶುದ್ಧ ಅಂಜಿಕೆಯಿಂದ. ಆದರೆ ತಲೆಮಾರುಗಟ್ಟಲೆ ಊದಿ ಊದಿ, ಹಾಡಿ ಹಾಡಿ, ಅಂಜಿಕೆ ಮರೆತುಹೋಗಿ ಹಾಡಷ್ಟೇ ಉಳಿದಿತ್ತು. ಈಗ ತಾವು ಹಾಡನ್ನು ತೆಗೆದಿರಿ. ಉಳಿಯುವುದು ಏನೆಂದು ಹೇಳಬೇಕೆ?

ಕಳೆದ ಸೋಮವಾರ ಸಂಜೆ ಪೋಲೀಸರ ಕಾವಲಿನಲ್ಲಿ ಪಲ್ಲಕ್ಕಿ ಹೊರಟಿತು. ಮಸೂತಿಯ ಮನೆತನದ ಯಾಕೂಬಸಾಬ ಸನಾದಿಯನ್ನು ವಸ್ತ್ರದಲ್ಲಿ ಸುತ್ತಿಕೊಂಡು ತನ್ನ ಹೊಸ್ತಿಲ ಮೇಲೆ ನಿಂತಿದ್ದ. ಗುಡಿಯ ಮನೆತನದ ಮಡಿವಾಳೆಪ್ಪ, ಅವನ ಜೀವದ ಗೆಳೆಯ, ಅವನನ್ನು ಕೆಣಕಿದ.

"ಲೇ ಯಾಕೂಬಾ, ವರ್ಷಾ ಊದಿ ಊದಿ ನಮ್ಮ ಕಿವಿ ತಿಂತಿದ್ದಿ. ಈ ವರ್ಷ ಸರಕಾರನ ನಮ್ಮನ್ನ ಉಳಿಸೇತಿ ನೋಡ!"

"ನಗು ಮಗನ. ಬರೂ ಶನಿವಾರ ನಿನ್ನ ಗಂಟಲಕ್ಕೂ ಅದ ಔಷಧ ಐತಿ."

ನಕ್ಕವರು ಅವರಿಬ್ಬರೇ. ಪಲ್ಲಕ್ಕಿ ಮಸೂತಿಯ ಮುಂದೆ ಬಂದೊಡನೆ, ತಮ್ಮ ಆಜ್ಞೆಯಂತೆ, ಎಲ್ಲ ನಿಂತಿತು. ನಾನು ಹುಟ್ಟಿದಾಗಿನಿಂದ ಆ ತಿರುವಿನಲ್ಲಿ ಅಂಥ ಸದ್ದಡಗಿದ್ದನ್ನು ಕೇಳಿರಲಿಲ್ಲ. ಚಪ್ಪಲಿ ಎಳೆಯುವುದು ಕೇಳಿಸಿತು. ಬಾಜೂದವನ ಉಸಿರು ಕೇಳಿಸಿತು. ಅಷ್ಟರಲ್ಲಿ ಎಲ್ಲಿಯೋ ಫಳಾರನೆ ಒಂದು ಹೆಂಚು ಬಿತ್ತು. ಕಿತ್ತದ್ದು ಮಂಗ ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಕ್ಷಣಕ್ಕೆ ಎರಡೂ ಕಡೆಯ ಜನ ಒಮ್ಮೆಲೇ ನೆಲಕ್ಕೆ ಬಾಗಿದರು. ಯಾರ ಕಾಲಿಗೆ ಬೀಳಲಿಕ್ಕೂ ಅಲ್ಲ. ಎದ್ದು ನಿಂತಾಗ ಕೈಗಳು ಬರಿದಾಗಿರಲಿಲ್ಲ. ನನಗೆ ಸಾಲಿಯಲ್ಲಿ ಜೊತೆಗಿದ್ದವರು, ನನ್ನ ಮದುವೆಯಲ್ಲಿ ಬಡಿಸಿದವರು, ಎಲ್ಲರೂ. ನಾನು ನನ್ನ ಮನೆಯ ಕಟ್ಟೆ ಬಿಟ್ಟು ಇಳಿಯಲಿಲ್ಲ.

ಯಾಕೂಬಸಾಬನ ತಾಯಿ ಮಲಿಕಾಬಿ ಹೊರಗೆ ಬಂದಳು.

"ಯಾರಿಗೆ ಒಗೀತೀರಲೇ? ಒಗೀರಿ, ನಾ ನಿಂತೇನಿ! ಹೆಣಕ್ಕಾದ್ರೂ ಭಜನಿ ಇರತೈತಿ. ನೀವು ದೇವರನ್ನ ಕಳ್ಳಮಾಲ ಒಯ್ದಂಗ ಒಯ್ಯಾಕ ಹತ್ತೀರಲ್ಲ, ನಾಚಿಕಿ ಬರೂದಿಲ್ಲ?"

ಯಾರೋ ಕಿಸಕ್ಕನೆ ನಕ್ಕರು. ಕಲ್ಲುಗಳು ಒಂದೊಂದಾಗಿ ಬಿದ್ದವು. ಕೆಲವರ ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಹಾಗೇ ಮನೆಗೆ ಹೋದರು.

ಅಂದಿನಿಂದ ಗುಡಿಯ ಓಣಿ, ಮಸೂತಿಯ ಓಣಿ ಎರಡರಲ್ಲೂ ಮನೆಗಳ ತಗಡಿನ ಮೇಲೆ ಕಲ್ಲು ಹೆಚ್ಚಾಗುತ್ತಿವೆ. ಕೇಳಿದರೆ, "ಶ್ರಾವಣದ ಗಾಳಿರೀ, ತಗಡು ಹಾರಬಾರದಲ್ಲ" ಎನ್ನುತ್ತಾರೆ. ಗಾಳಿ ಮಾತ್ರ ಹೆಚ್ಚಾದದ್ದನ್ನು ನಾನು ಕಾಣೆ.

ನಿನ್ನೆ ಮಡಿವಾಳೆಪ್ಪ ಬಂದು ನನ್ನ ಕಟ್ಟೆಯ ಮೇಲೆ ಕುಳಿತ. ಶನಿವಾರ ಡೋಲಿ ಗುಡಿಯ ಮುಂದೆ ಬರುತ್ತದೆ. "ಶಂಭಣ್ಣಾ, ಹಾಡಿದ್ರ ನನ್ನ ಒಳಗ ಹಾಕ್ತಾರು. ಹಾಡದಿದ್ರ ಕಲ್ಲ ಬೀಳ್ತಾವು. ನೀ ಪೇಪರಿನ್ಯಾಗ ಬರಿಯಾಂವ ಅದೀಯಲ್ಲ, ಏನ ಮಾಡ್ಲಿ ಹೇಳ" ಎಂದ. ಪೇಪರಿನ ಅಂಕಣದಲ್ಲಿ ಜನರನ್ನು ನಗಿಸಿ ಹೊಟ್ಟೆ ಹೊರೆಯುವವನು ನಾನು. ಒಳಗೆ ಹೋಗಿ ಚಹಾ ತಂದುಕೊಟ್ಟೆ. ಅವನು ಎದ್ದು ಹೋದ ಮೇಲೆ ಈ ಪತ್ರ ಬರೆಯಲು ಕುಳಿತೆ.

ಆದ್ದರಿಂದ, ಮಾನ್ಯರೇ, ಶನಿವಾರ ಹೊತ್ತು ಮುಳುಗುವುದರೊಳಗೆ ಆಜ್ಞೆಯನ್ನು ಹಿಂದಕ್ಕೆ ಪಡೆಯಿರಿ. ಡೋಲಿಯ ಮುಂದೆ ಮಡಿವಾಳೆಪ್ಪ ಹಾಡಲಿ. ಮುಂದಿನ ಸೋಮವಾರ ಯಾಕೂಬಸಾಬ ಊದಲಿ. ಪೋಲೀಸರನ್ನು ಹೆಚ್ಚಿಗೆ ಕಳಿಸುತ್ತೇನೆ ಎನ್ನಬೇಡಿರಿ. ಅವರೂ ಹೆಂಡಿರು ಮಕ್ಕಳಿದ್ದವರು, ಹೆಂಚು ಬಿದ್ದಾಗ ಮೊದಲು ಬೆಚ್ಚಿದವರು ಅವರೇ. ಆಜ್ಞೆ ಹಿಂದೆಗೆಯಲು ಆಗದಿದ್ದರೆ ತಾವೇ ಬರ್ರಿ. ನನ್ನ ಕಟ್ಟೆಯ ಮೇಲೆ ಕಂಬಳಿ ಹಾಸುತ್ತೇನೆ. ಆ ಮೌನದೊಳಗೆ ನನ್ನ ಬಾಜೂಕೆ ಕುಳಿತುಕೊಳ್ಳಿರಿ.

ಓದುಗರಲ್ಲಿ ಒಂದು ವಿನಂತಿ. ಅಂಜಿಕೆಗೆ ಮಡಿವಾಳೆಪ್ಪನ ಗಂಟಲು ಕಟ್ಟಿದೆ. ಈ ವಾರ ಗುಡಗೇರಿ ಸಂತೆಗೆ ಹೋಗುವವರು ಯಾರಾದರೂ ಎರಡು ಕಡ್ಡಿ ಜ್ಯೇಷ್ಠಮಧು ಕೊಂಡು, ನಮ್ಮೂರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡಿರಿ. ಅಪ್ಪಣೆ ಕೊನೇ ಗಳಿಗೆಗೆ ಬಂದರೂ ಬರಬಹುದು. ಆಗ ದನಿ ಹೊರಡಬೇಕು.

ಇಂತಿ,
ಎರಡೂ ಮೆರವಣಿಗೆ ಹಾಯುವ ಮೂಲೆಮನೆಯಲ್ಲಿ
ಇನ್ನೂ ಕದ ತೆರೆದೇ ಇಟ್ಟಿರುವ ಒಬ್ಬ ಅಂಜುಬುರುಕ