ನುಂಗದೇ ಬಿಟ್ಟದ್ದು

ಬಾಡಿಗೆ ಕೋಣೆ, ಎರಡನೇ ಮಹಡಿ
ಸೋಮವಾರ, ಮಾರ್ಚ್ ೯

ಯಜಮಾನರಿಗೆ,

‘ಪ್ರೀತಿಯ’ ಅಂತ ಬರೆಯಲು ಕೈ ಬರಲಿಲ್ಲ, ಇದೇ ಇರಲಿ. ಮನೆಯಲ್ಲೂ ಲ್ಯಾಬಿನಲ್ಲೂ ನೀವು ನನಗೆ ಅದೇ ಆಗಿದ್ದಿರಿ.

ನಿಮ್ಮ ಕಾಗದ ಬಂತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಬರೆದಿದ್ದೀರಿ. ಐದು ವರ್ಷದ ಹಿಂದಿನ ಕೊಲ್ಲಿಯ ನೀರಿನಲ್ಲಿ ಕಪ್ಪೆಚಿಪ್ಪು ಬೆಳೆಯುತ್ತದೆಯೇ ಅಂತ ನಾವು ಮಾಡಿದ ಅಳತೆ ತಪ್ಪು ಅಂತ ಬೇರೆ ಲ್ಯಾಬಿನವರು ತೋರಿಸಿದ್ದಾರೆ, ವಿಚಾರಣೆ ನಡೆಯುತ್ತಿದೆ, ತಪ್ಪು ಸಹಾಯಕಿಯದು ಅಂತ ನಾನು ಸಹಿ ಹಾಕಿಬಿಟ್ಟರೆ ಎಲ್ಲರಿಗೂ ಒಳ್ಳೆಯದು ಅಂದಿದ್ದೀರಿ. ಹೇಗೂ ಬಿಟ್ಟು ಹೋದವಳು, ನಿನಗೇನು ನಷ್ಟ ಅಂತ ಬೇರೆ ಕೇಳಿದ್ದೀರಿ. ಅಬ್ಬಾ! ಗೂಬೆ ಕೂರಿಸಲು ನನ್ನ ತಲೆಯೇ ಬೇಕಿತ್ತೇ?

ನಷ್ಟ ಏನು ಗೊತ್ತಾ? ಇಲ್ಲೊಂದು ಲ್ಯಾಬಿನಲ್ಲಿ ಕೆಲಸ ಕೊಡುವ ಮಾತಾಗಿದೆ. ಆ ಸಹಿ ಬಿದ್ದರೆ ಇನ್ನು ನನ್ನ ಕೈಗೆ ಯಾರೂ ಪಿಪೆಟ್ ಕೊಡುವುದಿಲ್ಲ. ನನಗೆ ಬರುವುದು ಅದೊಂದೇ ವಿದ್ಯೆ.

ಆ ವಾರ ನೆನಪಿದೆಯೇ? ಅಮ್ಮ ಆಸ್ಪತ್ರೆಯಲ್ಲಿದ್ದಳು, ಕಪ್ಪೆಚಿಪ್ಪಿನ ತೊಟ್ಟಿಗಳನ್ನು ನಿಮಗೆ ಒಪ್ಪಿಸಿ ಹೊರಟೆ. ಚಪ್ಪಲಿ ಮೆಟ್ಟಿಕೊಂಡೇ ಹೇಳಿದ್ದೆ: ಈ ಪ್ರಾಣಿ ನೀರು ಸೋಸಿ ಬೇಕಾದ್ದನ್ನು ನುಂಗುತ್ತದೆ, ಬೇಡದ್ದನ್ನು ಬಾಯಿಗೇ ಹಾಕದೆ ಲೋಳೆಯಲ್ಲಿ ಸುತ್ತಿ ಆಚೆ ತಳ್ಳುತ್ತದೆ. ಹೊಟ್ಟೆಗೆ ಹೋಗಿ ಬಂದದ್ದು ದಾರದ ಹಾಗಿರುತ್ತದೆ, ಅದನ್ನು ಮಾತ್ರ ಪಿಪೆಟ್ಟಿನಲ್ಲಿ ಹೀರಿ, ಒಣಗಿಸಿ, ಫರ್ನೇಸಿನಲ್ಲಿ ಸುಟ್ಟು, ಬೂದಿ ತೂಗಿ. ಆಹಾರದ ಬೂದಿಯ ಜೊತೆ ಹೋಲಿಸಿದರೆ ತಿಂದದ್ದರಲ್ಲಿ ಎಷ್ಟು ಮೈಗೆ ಹತ್ತಿತು ಅಂತ ತಿಳಿಯುತ್ತದೆ. ಕೊಳೆಯಲ್ಲೂ ಮೇಲುಕೀಳು ನೋಡ್ತೀಯಲ್ಲೇ ಅಂತ ನಕ್ಕಿರಿ.

ಎರಡನ್ನೂ ಒಟ್ಟಿಗೆ ಹೀರಿದಿರಿ. ನುಂಗದೇ ಬಿಟ್ಟದ್ದೆಲ್ಲ, ತಿಂದೂ ಮೈಗೆ ಹತ್ತದ್ದು ಅಂತ ಲೆಕ್ಕವಾಯಿತು. ಆ ಕೊಲ್ಲಿಯ ನೀರಿನಲ್ಲಿ ಚಿಪ್ಪು ಬೆಳೆಯುವುದಿಲ್ಲ ಅಂತ ವರದಿ ಹೋಯಿತು. ಅಲ್ಲಿ ಹಗ್ಗ ಇಳಿಬಿಟ್ಟು ಚಿಪ್ಪು ಸಾಕುತ್ತಿದ್ದ ಅಕ್ಕತಂಗಿಯರನ್ನು ಅಲ್ಲಿಂದ ಒಕ್ಕಲೆಬ್ಬಿಸಿದರು. ನಿಮಗೆ ಬಡ್ತಿ ಸಿಕ್ಕಿತು. ಆ ಸಂಜೆ ನಾನೂ ನಿಮ್ಮ ಪಕ್ಕ ನಿಂತು ಹಲ್ಲು ಕಿರಿದೆ, ನಾಚಿಕೆಗೆಟ್ಟವಳು.

ಹದಿನಾಲ್ಕು ವರ್ಷ ಏನೇನೋ ನುಂಗಿಕೊಂಡೆ ರೀ. ಇದೊಂದನ್ನು ನುಂಗುವುದಿಲ್ಲ. ಉಪ್ಪು ತಿಂದವರು ನೀರು ಕುಡಿಯಲಿ. ನೀವು ಕಳಿಸಿದ ತಪ್ಪೊಪ್ಪಿಗೆಯ ಕಾಗದವನ್ನು ಸಹಿಯಿಲ್ಲದೆ ಇದರ ಜೊತೆ ವಾಪಸ್ ಇಟ್ಟಿದ್ದೇನೆ.

ಇಂತಿ,
ನಿಮ್ಮ ಸಹಾಯಕಿ

ತಾ.ಕ.: ಆಸ್ಪತ್ರೆಯಿಂದ ಬಂದ ದಿನವೇ ಬೂದಿಯ ತೂಕ ನೋಡಿ, ನೀವು ಎರಡನ್ನೂ ಬೆರೆಸಿದ್ದು ನನಗೆ ಗೊತ್ತಾಗಿತ್ತು. ಗಂಡನ ಮರ್ಯಾದೆ ಹೋದೀತು ಅಂತ ಲ್ಯಾಬಿನ ದಾಖಲೆ ಪುಸ್ತಕದಿಂದ ನಿಮ್ಮ ಅಕ್ಷರದ ಪುಟಗಳನ್ನು ಹರಿದು, ಆ ವಾರವನ್ನೆಲ್ಲ ನನ್ನ ಕೈಯಲ್ಲೇ ನಕಲು ಮಾಡಿ, ಹಳೆಯದನ್ನು ಅದೇ ಫರ್ನೇಸಿಗೆ ಹಾಕಿದೆ. ಅಕ್ಕತಂಗಿಯರಿಗೆ ಮಾಡಿದ ಅನ್ಯಾಯದಲ್ಲಿ ಅರ್ಧ ನನ್ನದು. ವಿಚಾರಣೆಯವರಿಗೂ ಇಷ್ಟನ್ನೂ ಬರೆದು ಹಾಕಿದ್ದೇನೆ. ನಂಬುತ್ತಾರೋ ಇಲ್ಲವೋ, ಪುಸ್ತಕದಲ್ಲಿರುವುದೆಲ್ಲ ನನ್ನ ಅಕ್ಷರ. ಐದು ವರ್ಷದಲ್ಲಿ ಒಂದು ಸಲ ಆ ಪುಸ್ತಕ ತೆರೆದು ನೋಡಿದ್ದರೆ, ತಪ್ಪು ನನ್ನದೆನ್ನಲು ಆ ಅಕ್ಷರವೇ ಸಾಕಾಗಿ, ನನ್ನ ಸಹಿ ನಿಮಗೆ ಬೇಕೇ ಆಗುತ್ತಿರಲಿಲ್ಲ.